ಟೋಪಿ ಹಾಕಿದವರು, ಹಾಕಿಸಿಕೊಂಡವರು

ಹಿಂದೂಪುರ–ಕಲ್ಯಾಣದುರ್ಗ ಸೀಮೆಯಲ್ಲಿ ಮೋಸದ ಮಾತು: ದತ್ತಿ ಉಪನ್ಯಾಸದ ಪಠ್ಯ

ಆಂಧ್ರದ ಗಡಿಯಂಚಿನ ಹಿಂದೂಪುರದ ಪೇಟೆಯಲ್ಲಿ ಹತ್ತಾರು ಜನರ ಹತ್ತಿರ ಕೈಗಡ ಎತ್ತಿದ ಅಂಗಡಿಯವನೊಬ್ಬ ಬೆಳಗಾಗುವುದರೊಳಗೆ ಷಟರ್ ಎಳೆದು ಮಾಯವಾದರೆ, ಆ ಸುದ್ದಿ ಎರಡೇ ಅಕ್ಷರದಲ್ಲಿ ಊರೆಲ್ಲ ಹಬ್ಬುತ್ತದೆ: "ಐಪಿ ಪೆಟ್ಟೇಶಾಡು." ಕನ್ನಡ ಮನೆಮಾತಿನವರು ಅದನ್ನೇ "ಐಪಿ ಹಾಕ್ಬಿಟ್ಟ" ಎನ್ನುತ್ತಾರೆ. ಐಪಿ ಎಂದರೆ ಇನ್‌ಸಾಲ್ವೆನ್ಸಿ ಪಿಟಿಷನ್. ಸಾಲ ತೀರಿಸಲು ತನ್ನಿಂದ ಆಗದು, ತನ್ನನ್ನು ದಿವಾಳಿಯೆಂದು ಘೋಷಿಸಬೇಕು ಎಂದು ಸಾಲಗಾರ ನ್ಯಾಯಾಲಯಕ್ಕೆ ಹಾಕುವ ಅರ್ಜಿ ಅದು. 1920ರ ಪ್ರಾಂತೀಯ ದಿವಾಳಿ ಕಾಯಿದೆ ಇಂಥ ಅರ್ಜಿಗೆ ದಾರಿ ಮಾಡಿತು. ನಿಜವಾಗಿ ಕೈಸೋತವನನ್ನು ಸಾಲಿಗರ ಕಾಟದಿಂದ ಉಳಿಸುವುದು ಆ ಕಾಯಿದೆಯ ಉದ್ದೇಶ. ಪೇಟೆ ಕಂಡದ್ದು ಬೇರೆ. ಮನೆ ಹೆಂಡತಿಯ ಹೆಸರಿಗೆ, ಜಮೀನು ಭಾಮೈದುನನ ಹೆಸರಿಗೆ ಬರೆದಿಟ್ಟು, ಆಮೇಲೆ ಕೋರ್ಟಿನ ಮೆಟ್ಟಿಲು ಹತ್ತಿದವರನ್ನು ಅದು ಕಂಡಿತು. ಹಾಗಾಗಿ ಆಸರೆಯ ಹೆಸರೇ ಮೋಸದ ಹೆಸರಾಯಿತು. ಈಗ ಕೋರ್ಟಿನ ಮುಖವನ್ನೇ ನೋಡದೆ ಓಡಿಹೋದವನೂ ಪೇಟೆಯ ಲೆಕ್ಕದಲ್ಲಿ ಐಪಿ ಹಾಕಿದವನೇ.

ಲಂಡನ್ನಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಇಂಗ್ಲಿಷು ತಿಳಿಯದು. ಹಳೆಯ ಮೈಸೂರಿನವರಿಗೆ ಇದರ ಅಣ್ಣನಂಥ ಇನ್ನೊಂದು ಮಾತು ಗೊತ್ತು: "ಪಾಪರ್ ಚೀಟಿ ತಗೊಂಡ." ಅದೂ ಇಂಗ್ಲಿಷಿನಿಂದ ಬಂದದ್ದೇ, ಪಾಪರ್ ಎಂದರೆ ನಿರ್ಗತಿಕ. ಗಡಿಯ ಆಚೆ ಪಾಪರ್, ಈಚೆ ಐಪಿ. ಎರಡೂ ಕೋರ್ಟು ಕಚೇರಿಯಲ್ಲಿ ಹುಟ್ಟಿ, ಸಂತೆಯಲ್ಲಿ ಬೆಳೆದು, ಮನೆಯ ಜಗುಲಿ ಸೇರಿದ ಮಾತುಗಳು.

ಮೋಸ ಹೋಗುವುದನ್ನು ಹೇಳಲು ಇಂಗ್ಲಿಷಿನಲ್ಲಿರುವ ಆಡುನುಡಿಗಳು ಈ ಉಪನ್ಯಾಸದ ವಿಷಯ. ಅವನ್ನು ನಿಘಂಟಿನಿಂದ ಎತ್ತಿ ಅರ್ಥ ಬರೆದು ಮುಗಿಸಬಹುದಿತ್ತು. ಅದಕ್ಕಿಂತ, ಕನ್ನಡ, ತೆಲುಗು, ಇಂಗ್ಲಿಷು ಮೂರೂ ಒಂದೇ ವಾಕ್ಯದಲ್ಲಿ ಓಡಾಡುವ ಈ ಸೀಮೆಯಲ್ಲಿ ನಿಂತು ಅವನ್ನು ನೋಡಿದರೆ ಹೆಚ್ಚು ತಿಳಿಯುತ್ತದೆ. ಹಿಂದೂಪುರ ಈಗ 2022ರ ಏಪ್ರಿಲ್ 4ರಂದು ಹುಟ್ಟಿದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ, ಕಲ್ಯಾಣದುರ್ಗ ಅನಂತಪುರ ಜಿಲ್ಲೆಯಲ್ಲೇ ಉಳಿದಿದೆ. ಒಂದರ ಬೆನ್ನಿಗೆ ಗೌರಿಬಿದನೂರು, ಇನ್ನೊಂದರ ಬೆನ್ನಿಗೆ ಪಾವಗಡ ಮತ್ತು ಚಳ್ಳಕೆರೆ. ಪಕ್ಕದ ಮಡಕಶಿರಾದ ಅಮರಾಪುರ, ಅಗಳಿ, ರೊಳ್ಳ, ಗುಡಿಬಂಡೆ ಕಡೆ ಮನೆಯೊಳಗಿನ ಮಾತು ಕನ್ನಡ, ಕಚೇರಿಯ ಮಾತು ತೆಲುಗು, ಮೊಬೈಲಿನಲ್ಲಿ ಬರುವ ಬೆದರಿಕೆಯ ಮಾತು ಇಂಗ್ಲಿಷ್ ಇಲ್ಲವೇ ಹಿಂದಿ. ಮೋಸಗಾರ ಯಾವ ಭಾಷೆಯಲ್ಲಿ ಬಂದರೂ ಇಲ್ಲಿಯ ಜನ ಅವನಿಗೆ ಒಂದು ಹೆಸರು ಇಟ್ಟಿರುತ್ತಾರೆ.

ಇಲ್ಲೇ ಹುಟ್ಟಿದ ಇಂಗ್ಲಿಷಿಗೆ ಇನ್ನೊಂದು ಉದಾಹರಣೆ ಇದೆ. "ರೈಸ್ ಪುಲ್ಲಿಂಗ್" ಎಂಬ ಮಾತು ಅನಂತಪುರದಿಂದ ಬೆಂಗಳೂರಿನವರೆಗೆ ಪೊಲೀಸ್ ಠಾಣೆಗಳಿಗೆಲ್ಲ ಪರಿಚಿತ. ಹಳೆಯ ತಾಮ್ರದ ಚೊಂಬೋ ನಾಣ್ಯವೋ ಒಂದಿದೆ, ಅದಕ್ಕೆ ಸಿಡಿಲು ಬಡಿದು ದೈವಶಕ್ತಿ ಬಂದಿದೆ, ಅಕ್ಕಿಕಾಳನ್ನು ತನ್ನತ್ತ ಎಳೆಯುತ್ತದೆ, ವಿದೇಶದ ಬಾಹ್ಯಾಕಾಶ ಸಂಸ್ಥೆಗಳು ಇದಕ್ಕೆ ಕೋಟಿಗಟ್ಟಲೆ ಕೊಡುತ್ತವೆ ಎಂಬ ಕಥೆ. ಪರೀಕ್ಷೆಗೆ ವಿಜ್ಞಾನಿ ಬರಬೇಕು, ಅವನ ವಿಮಾನದ ಖರ್ಚು, ಕಿರಣ ತಡೆಯುವ ಉಡುಪಿನ ಖರ್ಚು, ಸರ್ಟಿಫಿಕೇಟಿನ ಖರ್ಚು ಎಂದು ಲಕ್ಷ ಲಕ್ಷ ಕೀಳುತ್ತಾರೆ. ಅಕ್ಕಿ ಸರಿಯುವುದಂತೂ ಕಣ್ಣಿಗೆ ಕಾಣುತ್ತದೆ. ಕಾಳಿಗೆ ಕಬ್ಬಿಣದ ಪುಡಿ ಹಿಡಿಸಿ, ಪಾತ್ರೆಯಲ್ಲಿ ಅಯಸ್ಕಾಂತ ಅಡಗಿಸಿಟ್ಟರೆ ಯಾರ ಕೈಯಲ್ಲಾದರೂ ಸರಿದೀತು. ಇದರ ತಮ್ಮನೇ ಎರಡು ತಲೆ ಹಾವಿನ ದಂಧೆ. ಮಣ್ಣುಮುಕ್ಕ ಹಾವಿನ ಬಾಲ ಮೊಂಡಾಗಿ ತಲೆಯಂತೆ ಕಾಣುವುದನ್ನೇ ಬಂಡವಾಳ ಮಾಡಿಕೊಂಡು, ವನ್ಯಜೀವಿ ಕಾಯಿದೆಯ ರಕ್ಷಣೆಯಲ್ಲಿರುವ ಆ ಬಡಪಾಯಿ ಜೀವಿಯನ್ನು ಅದೃಷ್ಟದ ಹೆಸರಲ್ಲಿ ಮಾರುತ್ತಾರೆ.

ಹಾವನ್ನು ತೋರಿಸಿ ಜನರನ್ನು ನಂಬಿಸುವ ವಿದ್ಯೆ ಅಮೆರಿಕದಲ್ಲೂ ಇತ್ತು. "ಸ್ನೇಕ್ ಆಯಿಲ್" ಎಂಬ ಇಂಗ್ಲಿಷ್ ಮಾತು ಇಂದು ಕೆಲಸಕ್ಕೆ ಬಾರದ ಮದ್ದಿಗೆ, ಪೊಳ್ಳು ಭರವಸೆಗೆ ಎಲ್ಲ ಕಡೆ ಬಳಕೆಯಾಗುತ್ತದೆ. ಕ್ಲಾರ್ಕ್ ಸ್ಟ್ಯಾನ್ಲಿ ಎಂಬಾತ 1893ರ ಷಿಕಾಗೋ ವಿಶ್ವಮೇಳದಲ್ಲಿ ಬುಡಬುಡಿಕೆ ಹಾವುಗಳನ್ನು ಜನರೆದುರು ಕೊಯ್ದು, ಎಲ್ಲ ನೋವಿಗೂ ಇದೇ ಎಣ್ಣೆ ಎಂದು ಸೀಸೆ ಮಾರಿದ. ಅಮೆರಿಕ ಸರ್ಕಾರ 1906ರಲ್ಲಿ ಆಹಾರ ಮತ್ತು ಔಷಧ ಕಾಯಿದೆ ತಂದ ಮೇಲೆ, 1916ರ ಸುಮಾರಿಗೆ ಅವನ ಎಣ್ಣೆಯನ್ನು ಪರೀಕ್ಷಿಸಿದರು. ಸಿಕ್ಕಿದ್ದು ಬಹುಪಾಲು ಖನಿಜ ತೈಲ, ಒಂದಿಷ್ಟು ದನದ ಕೊಬ್ಬು, ಮೆಣಸಿನಕಾಯಿಯ ಖಾರ. ದಂಡ ಬಿದ್ದದ್ದು 20 ಡಾಲರ್. ಆ ಮನುಷ್ಯನನ್ನು ಲೋಕ ಮರೆಯಿತು, ಅವನ ಎಣ್ಣೆಯ ಹೆಸರು ಭಾಷೆಯಲ್ಲಿ ಉಳಿಯಿತು.

ಇನ್ನು ಕನ್ನಡದ ಕಣಜಕ್ಕೆ ಬರಬೇಕು. ಟೋಪಿ ಹಾಕುವುದು, ನಾಮ ಹಾಕುವುದು, ಪಂಗನಾಮ ಎಳೆಯುವುದು, ಕಿವಿಗೆ ಹೂ ಮುಡಿಸುವುದು. ತೆಲುಗಿನಲ್ಲಿ ಟೋಪೀ ಪೆಟ್ಟಡಂ, ಕುಚ್ಚುಟೋಪಿ, ಪಂಗನಾಮಾಲು, ಚೆವಿಲೋ ಪುವ್ವು, ಇವುಗಳ ಜೊತೆಗೆ ಶಠಗೋಪಂ ಪೆಟ್ಟಡಂ. ವಿಷ್ಣು ದೇವಾಲಯದಲ್ಲಿ ಅರ್ಚಕರು ಭಕ್ತರ ತಲೆಯ ಮೇಲೆ ಇಟ್ಟು ತೆಗೆಯುವ, ದೇವರ ಪಾದದ ಗುರುತಿರುವ ಕಿರೀಟವೇ ಶಠಗೋಪ. ಅದನ್ನು ತಲೆಗೆ ಮುಟ್ಟಿಸಿ ಬರಿಗೈಯಲ್ಲಿ ಕಳಿಸಿದರು ಎಂಬುದು ಆಡುಮಾತಿನ ಭಾವ.

ಇವನ್ನೆಲ್ಲ ಒಂದೆಡೆ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಟೋಪಿ, ಹಣೆಯ ನಾಮ, ಕಿವಿಯ ಹೂ, ತಲೆಯ ಮೇಲಿನ ಶಠಗೋಪ ಇವೆಲ್ಲವೂ ಮರ್ಯಾದೆಯ ಚಿಹ್ನೆಗಳು. ಯಾವುದನ್ನೂ ಕಸಿದುಕೊಳ್ಳುವುದಿಲ್ಲ, ಎಲ್ಲವನ್ನೂ ಕೊಡುತ್ತಾರೆ. ಮೋಸವೆಂಬುದು ಸನ್ಮಾನದಿಂದ ಶುರುವಾಗುತ್ತದೆ ಎಂಬುದನ್ನು ಈ ಎರಡು ಭಾಷೆಗಳ ಜನ ಅನುಭವದಿಂದ ಕಂಡುಕೊಂಡು ಮಾತಿನಲ್ಲಿ ಕೂಡಿಟ್ಟಿದ್ದಾರೆ. ಜೇಬಿಗೆ ಕತ್ತರಿ ಹಾಕುವವನು ಹಿಂದಿನಿಂದ ಬರುತ್ತಾನೆ. ಟೋಪಿ ಹಾಕುವವನು ಎದುರಿಗೆ ಬಂದು, "ಅಣ್ಣಾ, ನಿಮ್ಮಂಥ ದೊಡ್ಡವರು" ಎಂದು ಕೈ ಮುಗಿಯುತ್ತಾನೆ.

ಇಂಗ್ಲಿಷಿನ "ಕಾನ್ ಮ್ಯಾನ್" ಕೂಡ ಇದೇ ತಿಳಿವಳಿಕೆಯಿಂದ ಹುಟ್ಟಿದ್ದು. 1849ರಲ್ಲಿ ನ್ಯೂಯಾರ್ಕಿನಲ್ಲಿ ವಿಲಿಯಂ ಥಾಂಪ್ಸನ್ ಎಂಬಾತ ಸೆರೆಯಾದ. ಒಳ್ಳೆಯ ಬಟ್ಟೆ ತೊಟ್ಟು, ದಾರಿಯಲ್ಲಿ ಸಿಕ್ಕ ಸಾಹುಕಾರರನ್ನು ಹಳೆಯ ಗೆಳೆಯರಂತೆ ಮಾತಾಡಿಸಿ, ಕೊನೆಗೆ, ನನ್ನ ಮೇಲೆ ನಂಬಿಕೆಯಿದ್ದರೆ ನಿಮ್ಮ ಗಡಿಯಾರ ನಾಳೆಯವರೆಗೆ ಕೊಡಿ ಎಂದು ಕೇಳುತ್ತಿದ್ದನಂತೆ. ಜನ ಕೊಟ್ಟರು. ಪತ್ರಿಕೆಗಳು ಅವನನ್ನು ಕಾನ್ಫಿಡೆನ್ಸ್ ಮ್ಯಾನ್, ಅಂದರೆ ನಂಬಿಕೆಯ ಮನುಷ್ಯ, ಎಂದು ಕರೆದವು. ಎಂಟು ವರ್ಷದ ಮೇಲೆ ಹರ್ಮನ್ ಮೆಲ್ವಿಲ್ ಅದೇ ಹೆಸರಿನ ಕಾದಂಬರಿ ಬರೆದ. ಕಾನ್ಫಿಡೆನ್ಸ್ ಸವೆದು ಕಾನ್ ಆಯಿತು. "ಹಿ ಕಾನ್ಡ್ ಮಿ" ಎಂದರೆ ಕನ್ನಡದಲ್ಲಿ "ನಂಬಿಸಿ ಕತ್ತು ಕೊಯ್ದ" ಎಂದಷ್ಟೇ ನೇರ.

ಒಂದೊಂದು ಮಾತಿಗೂ ಒಂದೊಂದು ಹದ ಇದೆ. ಅದನ್ನು ತಪ್ಪಿಸಿ ಬಳಸಿದರೆ ಕಿವಿಗೆ ಕೂಡಲೇ ಹತ್ತುತ್ತದೆ. ಕಿವಿಗೆ ಹೂ ಮುಡಿಸುವುದರಲ್ಲಿ ದುಡ್ಡು ಇನ್ನೂ ಹೋಗಿರುವುದಿಲ್ಲ, ಮಾತಷ್ಟೇ ಬಂದಿರುತ್ತದೆ. ಕೇಳುವವರಿಗೆ ಅದು ಸುಳ್ಳೆಂದು ಗೊತ್ತಾಗಿಯೂ ಇರಬಹುದು. 2023ರ ಫೆಬ್ರುವರಿ 17ರಂದು ಬಸವರಾಜ ಬೊಮ್ಮಾಯಿ ಅವರು ಕರ್ನಾಟಕದ ಬಜೆಟ್ ಮಂಡಿಸುವಾಗ ಸಿದ್ದರಾಮಯ್ಯ ಮತ್ತು ಕಾಂಗ್ರೆಸ್ ಸದಸ್ಯರು ಕಿವಿಗೆ ಹೂ ಇಟ್ಟುಕೊಂಡು ವಿಧಾನಸಭೆಗೆ ಬಂದದ್ದು ಈ ಹದವನ್ನು ಬಲ್ಲ ಪ್ರತಿಭಟನೆ. ನೀವು ಹೇಳುವುದನ್ನು ನಾವು ನಂಬಿಲ್ಲ ಎಂಬುದನ್ನು ಒಂದು ಹೂವು ಹೇಳಿತು. ಮರುವರ್ಷದ ಲೋಕಸಭಾ ಚುನಾವಣೆಯಲ್ಲಿ ಅದೇ ಪಕ್ಷ ಪತ್ರಿಕೆಗಳಲ್ಲಿ ಖಾಲಿ ಚೊಂಬಿನ ಜಾಹೀರಾತು ಕೊಟ್ಟಾಗ ಮಾತಿನ ಮೆಟ್ಟಿಲು ಮೇಲೇರಿತ್ತು. ಚೊಂಬು ಎಂದರೆ ಕೊಡಬೇಕಾದದ್ದನ್ನು ಕೊಡದೆ ಬರಿಗೈ ಮಾಡಿದ್ದು. ಪರ ವಿರೋಧದ ವಾದವೆಲ್ಲ ಆ ಚೊಂಬಿನ ಸುತ್ತಲೇ ನಡೆಯಿತು, ಅರ್ಥವೇನೆಂದು ಕೇಳಿದವರು ಒಬ್ಬರೂ ಇಲ್ಲ.

ನಾಮ ಬಿತ್ತು ಎಂದರೆ ಹಣ ಹೋಗಿದೆ. ಪಂಗನಾಮವೆಂದರೆ ಕವಲೊಡೆದ ದೊಡ್ಡ ನಾಮ, ದೊಡ್ಡ ಮೊತ್ತ. ಮಕ್ಮಲ್ ಟೋಪಿಯಲ್ಲಿ ನಯ ಹೆಚ್ಚು, ಹಾಕಿದ್ದು ತಲೆಗೆ ತಿಳಿಯುವುದೇ ಇಲ್ಲ. ಮಾಸ್ಟರ್ ಹಿರಣ್ಣಯ್ಯನವರು ತಮ್ಮ ನಾಟಕಕ್ಕೆ ಆ ಹೆಸರಿಟ್ಟು ಊರೂರಲ್ಲಿ ಆಡಿದ ಮೇಲೆ ಅದು ರಾಜಕಾರಣಿಗಳ ಪಾಲಿಗೆ ಮೀಸಲಾದ ಮಾತಾಯಿತು. ಚಳ್ಳೆಹಣ್ಣು ತಿನ್ನಿಸುವುದು ಅಪರಾಧ ಸುದ್ದಿಯ ವರದಿಗಾರರ ಸ್ವತ್ತು. "ಪೊಲೀಸರಿಗೆ ಚಳ್ಳೆಹಣ್ಣು ತಿನ್ನಿಸಿ ಪರಾರಿ" ಎಂಬ ತಲೆಬರಹ ಕಾಣದ ತಿಂಗಳಿಲ್ಲ. ಚಳ್ಳೆಹಣ್ಣಿನ ತಿರುಳು ಅಂಟು. ಬಾಯಿಗೆ ಹಾಕಿಕೊಂಡವರು ಅದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ತಿನ್ನಿಸಿದವನು ದಾಟಿರುತ್ತಾನೆ. ಬುರುಡೆ ಬಿಡುವುದು, ರೈಲು ಬಿಡುವುದು, ಕಾಗೆ ಹಾರಿಸುವುದು ಸುಳ್ಳು ಹೇಳುವಷ್ಟಕ್ಕೆ ನಿಲ್ಲುತ್ತವೆ. ಮಂಕುಬೂದಿ ಎರಚಿದರೆ ಬುದ್ಧಿಗೇ ಮಬ್ಬು ಕವಿಯುತ್ತದೆ. ಯಾಮಾರುವುದು ಒಂದು ಗಳಿಗೆಯ ಮೈಮರೆವು. ತಮಿಳಿನಲ್ಲೂ ತೆಲುಗಿನಲ್ಲೂ ಹತ್ತಿರದ ರೂಪದಲ್ಲಿರುವ ಹಳೆಯ ದ್ರಾವಿಡ ಮಾತು ಅದು.

ಕೈಕೊಡುವುದರ ಕಥೆ ಬೇರೆ. ಅದಕ್ಕೆ ಮೋಸಗಾರನೇ ಬೇಕಿಲ್ಲ. ಬಸ್ಸು ಕೈಕೊಡುತ್ತದೆ, ಬೋರಿನ ಮೋಟಾರು ಕೈಕೊಡುತ್ತದೆ, ಕಲ್ಯಾಣದುರ್ಗದ ಕಡ್ಲೆಕಾಯಿ ರೈತನಿಗೆ ಎಲ್ಲಕ್ಕಿಂತ ಮೊದಲು ಮಳೆ ಕೈಕೊಡುತ್ತದೆ. ವರ್ಷಕ್ಕೆ 550 ಮಿಲಿಮೀಟರ್ ಆಸುಪಾಸಿನ ಮಳೆಯನ್ನು ನಂಬಿ ಬಿತ್ತುವ ಸೀಮೆ ಅದು. ಆ ಮಳೆಯೂ ಬರಬೇಕಾದ ವಾರ ಬಿಟ್ಟು ಬೇರೆ ವಾರ ಬಂದರೆ ಹೂಡು ಇಳಿಯುವುದಿಲ್ಲ, ಕಾಯಿ ಕಟ್ಟುವುದಿಲ್ಲ. ಅಲ್ಲಿಯ ರೈತ "ಕೈಕೊಡ್ತು" ಎನ್ನುವಾಗ ಸಿಟ್ಟಿಗಿಂತ ನಂಬಿ ಕೆಟ್ಟ ಸಂಕಟ ಹೆಚ್ಚು ಕೇಳಿಸುತ್ತದೆ. ತೆಲುಗಿನವರು ಇದೇ ಮಾತಿಗೆ ಇಂಗ್ಲಿಷ್ ಕೈ ಜೋಡಿಸಿ "ಹ್ಯಾಂಡ್ ಇಚ್ಚಾಡು" ಎಂದರು. ಮದುವೆಗೆ ಒಪ್ಪಿ ಕೊನೆಗಳಿಗೆಯಲ್ಲಿ ಹಿಂದೆ ಸರಿದ ವರನಿಂದ ಹಿಡಿದು ಸೀಟು ಕೊಡುವೆನೆಂದು ತಪ್ಪಿಸಿದ ಪಕ್ಷದವರೆಗೆ ಎಲ್ಲರೂ ಹ್ಯಾಂಡ್ ಕೊಡುವವರೇ. ಹಿಂದೂಪುರದ ಹುಡುಗನೊಬ್ಬ ಬೆಂಗಳೂರಿನ ಕಂಪನಿಯಲ್ಲಿ ಸಂದರ್ಶನಕ್ಕೆ ಕೂತು ಇದನ್ನೇ ಇಂಗ್ಲಿಷಿಗೆ ತಿರುಗಿಸಿ "ಮೈ ಫ್ರೆಂಡ್ ಗೇವ್ ಮಿ ಎ ಹ್ಯಾಂಡ್" ಎಂದರೆ, ಕೇಳಿದವರಿಗೆ ಗೆಳೆಯ ಸಹಾಯ ಮಾಡಿದ ಎಂದೇ ಅರ್ಥವಾಗುತ್ತದೆ. ಎರಡು ಭಾಷೆಯ ಕೈ ಎರಡು ದಿಕ್ಕಿಗೆ ಚಾಚುತ್ತದೆ. ಅವನು ಹೇಳಬೇಕಿದ್ದದ್ದು "ಲೆಟ್ ಮಿ ಡೌನ್" ಎಂದು.

ಇಂಗ್ಲಿಷ್ ಕಲಿಯುವ ಮಕ್ಕಳು ಎಡವುವುದು ಸಾಮಾನ್ಯವಾಗಿ ಇಂಥ ಕಡೆಯೇ. "ಟೇಕನ್ ಫಾರ್ ಎ ರೈಡ್" ಎಂದರೆ ಬೈಕಿನಲ್ಲಿ ಸುತ್ತಾಡಿಸಿದರು ಎಂದುಕೊಳ್ಳುತ್ತಾರೆ. ಅದಕ್ಕೆ ಆ ಅರ್ಥವೂ ಇದೆ, ಆದರೆ ದುಡ್ಡಿನ ಮಾತಿನ ನಡುವೆ ಬಂದರೆ ಅದು ನಾಮವೇ. "ಪುಲ್ಲಿಂಗ್ ಮೈ ಲೆಗ್" ಎಂದರೆ ತಮಾಷೆಗೆ ಸುಳ್ಳು ಹೇಳುವುದು, ಅದರಲ್ಲಿ ಹಾನಿಯಿಲ್ಲ. ಈಚೆಗೆ ಕನ್ನಡದ ಪತ್ರಿಕೆಗಳಲ್ಲಿ ಕಾಲೆಳೆಯುವುದು ಇದೇ ಅರ್ಥಕ್ಕೆ ಬಂದುಬಿಟ್ಟಿದೆ. ಮೊದಲು ಅದಕ್ಕೆ ಮೇಲೇರುವವನನ್ನು ಕೆಳಗೆ ಜಗ್ಗುವುದೆಂಬ ಕಹಿ ಅರ್ಥವಿತ್ತು, ಹಳ್ಳಿಗಳಲ್ಲಿ ಇವತ್ತಿಗೂ ಇದೆ. "ಪುಲ್ಲಿಂಗ್ ದ ವೂಲ್ ಓವರ್ ದ ಐಸ್" ಅಂದರೆ ಕಣ್ಣ ಮೇಲೆ ಉಣ್ಣೆ ಎಳೆಯುವುದು. ನಮ್ಮ ಕಣ್ಣಿಗೆ ಮಣ್ಣೆರಚುವುದಕ್ಕೆ ಅದು ಸರಿಸಾಟಿ. "ಸೆಲ್ಲಿಂಗ್ ದ ಬ್ರಿಡ್ಜ್" ಎಂಬುದಕ್ಕೆ 1883ರಲ್ಲಿ ತೆರೆದ ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯನ್ನು ಹೊಸದಾಗಿ ಬಂದ ವಲಸಿಗರಿಗೆ ಮಾರುತ್ತಿದ್ದ ಠಕ್ಕರ ಕಥೆಗಳ ಹಿನ್ನೆಲೆಯಿದೆ. ತಾಜಮಹಲನ್ನೇ ಮಾರಿದನೆಂದು ಹೆಸರಾದ ಬಿಹಾರದ ನಟವರಲಾಲನನ್ನು ಬಲ್ಲವರಿಗೆ ಬೇರೆ ವಿವರಣೆ ಬೇಡ.

"ಪಿಗ್ ಇನ್ ಎ ಪೋಕ್" ಎಂಬುದನ್ನು ಮಾತ್ರ ಹಿಂದೂಪುರದ ಮಾರ್ಕೆಟ್ ಯಾರ್ಡಿನಲ್ಲೇ ನಿಂತು ಕಲಿಸಬೇಕು. ಪೋಕ್ ಎಂದರೆ ಚೀಲ. ಚೀಲ ಬಿಚ್ಚಿ ನೋಡದೆ ಹಂದಿಮರಿ ಎಂದು ನಂಬಿ ಕೊಳ್ಳುವುದು. ಇಂಗ್ಲಿಷಿನಲ್ಲಿ ಹದಿನಾರನೆಯ ಶತಮಾನದಿಂದಲೇ ಈ ಮಾತಿದೆ. ಫ್ರೆಂಚರು, ಜರ್ಮನರು ಹೇಳುವಾಗ ಚೀಲದಲ್ಲಿ ಇರುವುದು ಬೆಕ್ಕು. ಹಿಂದೂಪುರದ ಚೀಲದಲ್ಲಿ ಇರುವುದು ಹುಣಸೆಹಣ್ಣು. ಆಂಧ್ರದಲ್ಲೂ ಕರ್ನಾಟಕದಲ್ಲೂ ಹೆಸರಾದ ಹುಣಸೆ ವ್ಯಾಪಾರ ಇಲ್ಲಿಯದು. ಕರಿಪುಳಿ, ಫ್ಲವರ್ ಎಂಬ ತರಗತಿಗಳು, ಒಂದಕ್ಕೂ ಇನ್ನೊಂದಕ್ಕೂ ಬೆಲೆಯಲ್ಲಿ ತುಂಬ ಅಂತರ. ಅನುಭವವಿರುವ ಖರೀದಿದಾರ ಚೀಲದ ಬಾಯಲ್ಲಿ ಕಾಣುವ ಹೊಂಬಣ್ಣದ ಹಣ್ಣನ್ನು ನಂಬುವುದಿಲ್ಲ. ತೋಳು ಮಡಿಸಿ ಮೊಣಕೈವರೆಗೆ ಕೈಯಿಳಿಸಿ, ಬುಡದಿಂದ ಒಂದು ಹಿಡಿ ಎಳೆಯುತ್ತಾನೆ. ಹಿಸುಕಿ ನೀರಿನಂಶ ನೋಡುತ್ತಾನೆ, ಬಿಡಿಸಿ ಬೀಜ ಉಳಿದಿದೆಯೇ ನಾರು ಉಳಿದಿದೆಯೇ ನೋಡುತ್ತಾನೆ, ಮೂಗಿಗೆ ಹಿಡಿಯುತ್ತಾನೆ. ಆಮೇಲಷ್ಟೇ ದರದ ಮಾತು. ರೈತನ ಕಣ್ಣೋ ತಕ್ಕಡಿಯ ಮೇಲೆ. ತಟ್ಟೆಯ ಅಡಿಗೆ ಹುಣಸೆ ಉಂಡೆ ಅಂಟಿಸಿ ತೂಕ ಕದಿಯುವ ಹಳೆಯ ಕಸುಬನ್ನು ಅವನೂ ಬಲ್ಲ. ಎಲೆಕ್ಟ್ರಾನಿಕ್ ತಕ್ಕಡಿ ಬಂದ ಮೇಲೂ ತರುಗು ಎಂದು ತೆಲುಗಿನಲ್ಲಿ ಕರೆಯುವ ತೂಕದ ಕಡಿತ ನಿಂತಿಲ್ಲವಾದ್ದರಿಂದ ಆ ಕಣ್ಣಿಗೆ ವಿರಾಮವೂ ಇಲ್ಲ. ಕೊಳ್ಳುವವನೂ ಮಾರುವವನೂ ಇಷ್ಟು ಎಚ್ಚರದಿಂದಿರುವ ಊರಿನಲ್ಲೂ ಜನ ಮೋಸ ಹೋಗುತ್ತಾರೆ. ಹಾಗೆ ಹೋದವರ ಬಗ್ಗೆ ಊರು ಹೇಗೆ ಮಾತಾಡುತ್ತದೆ ಎಂಬುದು ಈ ಉಪನ್ಯಾಸದ ಮುಖ್ಯ ಚಿಂತೆ.

"ಟೋಪಿ ಹಾಕಿದ" ಎಂಬಲ್ಲಿ ಕರ್ತೃ ಮೋಸಗಾರ. ಆದರೆ ಜಗುಲಿಯ ಮೇಲೆ ಹೆಚ್ಚು ಕೇಳುವುದು ಆ ವಾಕ್ಯವಲ್ಲ. "ಟೋಪಿ ಹಾಕಿಸ್ಕೊಂಡು ಬಂದ", "ನಾಮ ಬಳಿಸ್ಕೊಂಡ", "ಯಾಮಾರ್ದ", "ಬೇಸ್ತು ಬಿದ್ದ", "ಹಳ್ಳಕ್ಕೆ ಬಿದ್ದ", "ಕುರಿ ಆದ". ಇಲ್ಲೆಲ್ಲ ಕರ್ತೃ ಕಳೆದುಕೊಂಡವನೇ. ಹಾಕಿದವನು ವಾಕ್ಯದಿಂದಲೇ ಪರಾರಿ. ಕ್ಷೌರಿಕನ ಮುಂದೆ ಕೂತು ಬೇಕೆಂದೇ ತಲೆ ಬೋಳಿಸಿಕೊಂಡು ಬಂದವನಂತೆ ಅವನನ್ನು ವ್ಯಾಕರಣ ನಿಲ್ಲಿಸಿಬಿಡುತ್ತದೆ. ತೆಲುಗಿನಲ್ಲೂ "ಮೋಸಪೋಯಾಡು", "ಬೋಲ್ತಾ ಪಡ್ಡಾಡು". ಇಂಗ್ಲಿಷೂ ಹಿಂದೆ ಬಿದ್ದಿಲ್ಲ. "ಹಿ ಫೆಲ್ ಫಾರ್ ಇಟ್", ಅವನೇ ಬಿದ್ದ. "ಹಿ ಬಾಟ್ ಇಟ್", ಅವನೇ ಕೊಂಡ. "ಸ್ವಾಲೋಡ್ ಇಟ್ ಹುಕ್, ಲೈನ್ ಅಂಡ್ ಸಿಂಕರ್" ಎಂದರೆ ಗಾಳವನ್ನಷ್ಟೇ ಅಲ್ಲ, ದಾರವನ್ನೂ ಸೀಸದ ಗುಂಡನ್ನೂ ಮೀನು ತಾನೇ ನುಂಗಿತು. ಗಾಳ ಹಾಕಿ ದಡದ ಮೇಲೆ ಕೂತವನ ಸುದ್ದಿ ಆ ಮಾತಿನಲ್ಲಿಲ್ಲ.

ಇದನ್ನು ಬರಿಯ ಭಾಷೆಯ ಚಮತ್ಕಾರವೆಂದು ಬಿಡುವಂತಿಲ್ಲ. ಮಗಳ ಮದುವೆಗೆಂದು ಕೂಡಿಟ್ಟಿದ್ದನ್ನು ಕಳೆದುಕೊಂಡವನನ್ನು ಟೀ ಅಂಗಡಿಯಲ್ಲಿ ಮಾತಾಡಿಸುವ ಬಗೆ ನೋಡಬೇಕು. "ಏನಣ್ಣೋ, ಎಷ್ಟಕ್ಕೆ ಬಿತ್ತು ನಾಮ?" ಎಂದು ಒಬ್ಬ. "ನೀನು ಓದಿದೋನು, ನೀನೂ ಯಾಮಾರ್ಬಿಟ್ಯಾ?" ಎಂದು ಇನ್ನೊಬ್ಬ. "ಹೋಗ್ಲಿ ಬಿಡಪ್ಪ" ಎಂದು ಅವನು ಎದ್ದು ಹೋಗುತ್ತಾನೆ. ಆಡಿದವರಲ್ಲಿ ಕೆಡುಕಿಲ್ಲ, ಸಲಿಗೆಯ ಮಾತು. ಆದರೆ ಅವನು ಠಾಣೆಗೆ ಹೋಗುವುದಿಲ್ಲ. ಹೆಂಡತಿಗೂ ಪೂರ್ತಿ ಮೊತ್ತ ಹೇಳುವುದಿಲ್ಲ. ಅವನು ಸುಮ್ಮನಿದ್ದಷ್ಟು ದಿನ ಮೋಸಗಾರ ಪಕ್ಕದ ಹಳ್ಳಿಯಲ್ಲಿ ಇನ್ನೊಬ್ಬರಿಗೆ ಟೋಪಿ ಹೊಲಿಯುತ್ತಿರುತ್ತಾನೆ.

ಅಂತರರಾಷ್ಟ್ರೀಯ ಪೊಲೀಸ್ ಸಂಸ್ಥೆ ಇಂಟರ್‌ಪೋಲ್ 2024ರ ಡಿಸೆಂಬರಿನಲ್ಲಿ ಇದೇ ಕಾರಣಕ್ಕೆ ಒಂದು ಇಂಗ್ಲಿಷ್ ಆಡುನುಡಿಯನ್ನು ಕೈಬಿಡಬೇಕೆಂದು ಕೇಳಿತು. ಆನ್‌ಲೈನಿನಲ್ಲಿ ಸ್ನೇಹ, ಪ್ರೀತಿ ಬೆಳೆಸಿ, ಹುಸಿ ಹೂಡಿಕೆಗೆ ದುಡ್ಡು ಹಾಕಿಸಿ, ಕೊನೆಗೆ ಎಲ್ಲವನ್ನೂ ದೋಚುವ ವಂಚನೆಗೆ "ಪಿಗ್ ಬುಚರಿಂಗ್" ಎಂಬ ಹೆಸರು ಓಡಾಡುತ್ತಿತ್ತು. ಹಂದಿಯನ್ನು ಕೊಬ್ಬಿಸಿ ಕಡಿಯುವುದು ಎಂದರ್ಥ, ಮೂಲ ಚೀನೀ ಭಾಷೆಯ ಠಕ್ಕರ ಮಾತು. ಕಳೆದುಕೊಂಡವರನ್ನು ಹಂದಿ ಎಂದು ಕರೆದರೆ ಅವರು ದೂರು ಕೊಡಲು ಮುಂದೆ ಬರುವುದಿಲ್ಲ, ಆದ್ದರಿಂದ "ರೊಮ್ಯಾನ್ಸ್ ಬೇಟಿಂಗ್" ಎನ್ನಿ, ಅಂದರೆ ಪ್ರೀತಿಯ ಗಾಳ ಎನ್ನಿ ಎಂಬುದು ಇಂಟರ್‌ಪೋಲಿನ ಮನವಿ. ಮೊದಲ ಹೆಸರು ಬೆರಳು ತೋರಿಸುತ್ತಿದ್ದುದು ಕಳೆದುಕೊಂಡವರ ಕಡೆಗೆ, ಎರಡನೆಯದು ತೋರಿಸುವುದು ಗಾಳ ಹಾಕಿದವನ ಕಡೆಗೆ. ಪೊಲೀಸರೇ ನುಡಿಗಟ್ಟಿನ ವಿಚಾರಕ್ಕೆ ಇಳಿದದ್ದು ಭಾಷೆ ಕಲಿಸುವವರು ಗಮನಿಸಬೇಕಾದ ಘಟನೆ.

ನಂಬುವವರು ದಡ್ಡರು ಎಂಬ ತೀರ್ಮಾನವೂ ಸರಿಯಲ್ಲ. ಪಂಚತಂತ್ರದಲ್ಲಿ ಆಡು ಹೊತ್ತು ಹೋಗುವ ಬ್ರಾಹ್ಮಣನ ಕಥೆಯಿದೆ. ಮೂವರು ಧೂರ್ತರು ದಾರಿಯಲ್ಲಿ ಬೇರೆ ಬೇರೆ ಕಡೆ ನಿಂತು, ನಾಯಿಯನ್ನೇಕೆ ಹೊತ್ತಿದ್ದೀರಿ ಎಂದು ಕೇಳುತ್ತಾರೆ. ಒಬ್ಬ ಹೇಳಿದ್ದರೆ ಆತ ನಂಬುತ್ತಿರಲಿಲ್ಲ. ಪರಸ್ಪರ ಸಂಬಂಧವಿಲ್ಲದಂತೆ ಕಾಣುವ ಮೂವರು ಹೇಳಿದಾಗ ಹೆಗಲ ಮೇಲಿನ ಆಡೇ ನಾಯಿಯಾಯಿತು. ಇಂದಿನ "ಡಿಜಿಟಲ್ ಅರೆಸ್ಟ್" ಹೆಣೆದಿರುವುದು ಇದೇ ಎಳೆಯಿಂದ. ಮೊದಲು ಕೊರಿಯರ್ ಕಂಪನಿಯವನು, ನಿಮ್ಮ ಹೆಸರಿನ ಪಾರ್ಸೆಲ್ಲಿನಲ್ಲಿ ಮಾದಕವಸ್ತು ಸಿಕ್ಕಿದೆ ಎನ್ನುತ್ತಾನೆ. ಆಮೇಲೆ ವಿಡಿಯೊ ಕರೆಯಲ್ಲಿ ಖಾಕಿ ತೊಟ್ಟವನು. ಕೊನೆಗೆ ದೆಹಲಿಯ ದೊಡ್ಡ ಅಧಿಕಾರಿ. ಕರೆ ಕಡಿಯಬೇಡಿ, ಯಾರಿಗೂ ಹೇಳಬೇಡಿ, ಪರಿಶೀಲನೆಗೆ ಹಣ ಈ ಖಾತೆಗೆ ಹಾಕಿ. ನಿವೃತ್ತ ಮೇಷ್ಟ್ರುಗಳು, ವೈದ್ಯರು, ಬ್ಯಾಂಕಿನಲ್ಲೇ ದುಡಿದವರು ಇದಕ್ಕೆ ಸಿಕ್ಕಿದ್ದಾರೆ. ಪ್ರಧಾನಿಯವರು 2024ರ ಅಕ್ಟೋಬರ್ 27ರ ಮನದ ಮಾತು ಕಾರ್ಯಕ್ರಮದಲ್ಲಿ, ಕಾನೂನಿನಲ್ಲಿ ಡಿಜಿಟಲ್ ಅರೆಸ್ಟ್ ಎಂಬುದೇ ಇಲ್ಲ ಎಂದು ದೇಶಕ್ಕೆಲ್ಲ ಹೇಳಬೇಕಾಯಿತು. ಇಲ್ಲಿ ಗೆಲ್ಲುವುದು ಕೇಳುವವನ ದಡ್ಡತನವಲ್ಲ, ಮೂರು ಬಾಯಿಯಿಂದ ಬಂದ ಒಂದೇ ಸುಳ್ಳು.

ಗೊತ್ತಿರುವವರ ಬಾಯಿಂದ ಬಂದ ಸುಳ್ಳಂತೂ ಇನ್ನೂ ಆಳಕ್ಕೆ ಇಳಿಯುತ್ತದೆ. ವಿಜಯವಾಡದ ಅಗ್ರಿಗೋಲ್ಡ್ ಕಂಪನಿ ಆಂಧ್ರ, ತೆಲಂಗಾಣ, ಕರ್ನಾಟಕ ಮೊದಲಾದ ಕಡೆ 32 ಲಕ್ಷದಷ್ಟು ಖಾತೆಗಳಿಂದ 6,000 ಕೋಟಿ ರೂಪಾಯಿಗೂ ಹೆಚ್ಚು ಎತ್ತಿತೆಂದು ಜಾರಿ ನಿರ್ದೇಶನಾಲಯ ಹೇಳಿದೆ. ಆ ಹಣ ಬಂದದ್ದು ಹಳ್ಳಿ ಹಳ್ಳಿಯ ಏಜೆಂಟರ ಮೂಲಕ. ಏಜೆಂಟ್ ಎಂದರೆ ಎದುರುಮನೆಯ ಹುಡುಗ, ದೂರದ ಭಾವ, ಸಂಘದ ಅಕ್ಕ. ಅವರಲ್ಲಿ ಎಷ್ಟೋ ಜನ ತಮ್ಮ ದುಡ್ಡನ್ನೂ ಹಾಕಿದ್ದರು. ಅಂಥವರು ಟೋಪಿ ಹಾಕಿದವರೋ, ಹಾಕಿಸಿಕೊಂಡವರೋ? ಆಡುನುಡಿಗೆ ಈ ಪ್ರಶ್ನೆಗೆ ಉತ್ತರ ಕೊಡುವ ತ್ರಾಣವಿಲ್ಲ. ಅದು ಎರಡೇ ಪಾತ್ರದ ನಾಟಕ.

ಕಾನೂನಿನ ವಾಕ್ಯ ಈ ವಿಷಯದಲ್ಲಿ ಜಗುಲಿಯ ವಾಕ್ಯಕ್ಕಿಂತ ದೊಡ್ಡದು. 1860ರ ಭಾರತೀಯ ದಂಡಸಂಹಿತೆ 415ನೇ ಕಲಮಿನಲ್ಲಿ ವಂಚನೆಯನ್ನು ವಿವರಿಸಿತು, 420ರಲ್ಲಿ ವಂಚಿಸಿ ಆಸ್ತಿ ಪಡೆದವನಿಗೆ ಏಳು ವರ್ಷದವರೆಗೆ ಶಿಕ್ಷೆಯಿಟ್ಟಿತು. ಅಲ್ಲಿ ವಾಕ್ಯದುದ್ದಕ್ಕೂ ಕರ್ತೃ ವಂಚಕನೇ. ಎದುರಿನವನು ಜಾಣನೋ ದಡ್ಡನೋ ಎಂದು ಕಾನೂನು ಕೇಳುವುದಿಲ್ಲ. ಆ 420 ಎಂಬ ಅಂಕಿ ದೇಶದ ಎಲ್ಲ ಭಾಷೆಗೂ ಹೊಕ್ಕಿತು. 1955ರಲ್ಲಿ ರಾಜ್ ಕಪೂರ್ ಶ್ರೀ 420 ಎಂದು ಸಿನಿಮಾ ಮಾಡಿದರು, ಕನ್ನಡದಲ್ಲೂ ತೆಲುಗಿನಲ್ಲೂ "ಅವನೊಬ್ಬ ಫೋರ್ ಟ್ವೆಂಟಿ" ಎಂದರೆ ಮುಂದೆ ಕೇಳುವಂತಿಲ್ಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ವಂಚನೆ 318ನೇ ಕಲಮಿಗೆ ಸರಿದಿದೆ. ಯಾರನ್ನೂ ಜನ ಇನ್ನೂ ತ್ರೀ ಎಯ್ಟೀನ್ ಎಂದು ಬೈಯುತ್ತಿಲ್ಲ. ಹಳೆಯ ಅಂಕಿಗೆ ಇನ್ನೂ ಬಹಳ ಆಯುಸ್ಸಿದೆ. ಅದು ಉಳಿಯುವುದು ಒಳ್ಳೆಯದೇ, ಮೋಸದ ಆಡುನುಡಿಗಳಲ್ಲಿ ಮೋಸಗಾರನನ್ನೇ ಹಿಡಿದು ನಿಲ್ಲಿಸುವ ಕೆಲವೇ ಮಾತುಗಳಲ್ಲಿ ಅದೂ ಒಂದು.

ಹಾಗೆಂದು ಟೋಪಿ, ನಾಮ, ಹೂವುಗಳನ್ನು ಬಿಡಬೇಕೆಂದು ಯಾರೂ ಹೇಳಲಾರರು. 1710ರಲ್ಲಿ ಜೊನಾಥನ್ ಸ್ವಿಫ್ಟ್ ಲಂಡನ್ನಿನ ಟ್ಯಾಟ್ಲರ್ ಪತ್ರಿಕೆಯಲ್ಲಿ ಹೊಸ ಪೋಲಿ ಮಾತುಗಳ ಮೇಲೆ ಕಿಡಿಕಾರಿ ಬರೆದಾಗ, ಮೋಸಗೊಳಿಸುವುದೆಂಬ ಅರ್ಥದ "ಬಾಂಬೂಜಲ್" ಕೂಡ ಆ ಪಟ್ಟಿಯಲ್ಲಿತ್ತು. ಮೂರು ಶತಮಾನವಾಯಿತು, ಅದು ಇಂಗ್ಲಿಷಿನಲ್ಲಿ ಗಟ್ಟಿಯಾಗಿದೆ. ಬಯ್ದು ಮಾತನ್ನು ಓಡಿಸಲಾಗದು. ಮಾಡಬಹುದಾದದ್ದು ಎಲ್ಲಿ ಯಾವುದು ಎಂಬ ವಿವೇಕವನ್ನು ಕಲಿಸುವುದು. ಗೆಳೆಯರ ನಡುವೆ "ನಾಮ ಬಿತ್ತು ಮಾರಾಯ" ಎನ್ನಲಿ, "ಐ ವಾಸ್ ಕಾನ್ಡ್" ಎನ್ನಲಿ. ಠಾಣೆಯಲ್ಲಿ, ಬ್ಯಾಂಕಿನಲ್ಲಿ, ಗ್ರಾಹಕರ ಆಯೋಗದಲ್ಲಿ ಆ ಮಾತು ಸಾಲದು. "ಇಂಥವನು, ಇಂಥ ದಿನ, ಇಂಥದ್ದನ್ನು ಹೇಳಿ ನನ್ನನ್ನು ನಂಬಿಸಿ, ಇಷ್ಟು ಹಣ ಪಡೆದು ವಂಚಿಸಿದ್ದಾನೆ" ಎಂದೇ ಬರೆಯಬೇಕು. ನಂಬಿಸಿ, ಪಡೆದು, ವಂಚಿಸಿ ಎಂಬ ಮೂರೂ ಕ್ರಿಯೆಗಳ ಕರ್ತೃ ಅವನೇ. ಇಂಗ್ಲಿಷಿನಲ್ಲಾದರೆ "ಐ ವಾಸ್ ಟೇಕನ್ ಫಾರ್ ಎ ರೈಡ್" ಬದಲು "ಹಿ ಚೀಟೆಡ್ ಮಿ" ಎಂಬ ಮೂರು ಪದ.

ಆನ್‌ಲೈನಿನಲ್ಲಿ ಹಣ ಹೋದರೆ 1930ಕ್ಕೆ ಕರೆ ಮಾಡಬೇಕು. ಎಷ್ಟು ಬೇಗ ಮಾಡಿದರೆ ಆ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಜಿಗಿಯುವ ಮುನ್ನ ತಡೆಯುವ ಅವಕಾಶ ಅಷ್ಟು ಹೆಚ್ಚು. ಆ ಹೊತ್ತಿನಲ್ಲಿ ಮನೆಯವರ ಮೊದಲ ಮಾತು "ನಿಂಗೆ ಬುದ್ಧಿ ಎಲ್ಲಿತ್ತು?" ಎಂದಾದರೆ ಅರ್ಧ ದಿನ ಅಲ್ಲೇ ಹೋಗುತ್ತದೆ. "ಯಾವ ಖಾತೆಗೆ ಹೋಯ್ತು, ಎಷ್ಟು ಹೊತ್ತಾಯ್ತು?" ಎಂದು ಕೇಳಿದರೆ ಫೋನು ಕೈಗೆ ಬರುತ್ತದೆ.

ಮಡಕಶಿರಾ ಕಡೆಯ ಕನ್ನಡ ಶಾಲೆಗಳ, ಹಿಂದೂಪುರ ಮತ್ತು ಕಲ್ಯಾಣದುರ್ಗದ ಕಾಲೇಜುಗಳ ಭಾಷಾ ಮೇಷ್ಟ್ರುಗಳಿಗೆ ಈ ಉಪನ್ಯಾಸ ಒಂದು ಕೆಲಸ ಒಪ್ಪಿಸಲು ಬಯಸುತ್ತದೆ. ಈ ಸೀಮೆಯ ಮೋಸದ ಮಾತುಗಳನ್ನು ಮೂರು ಭಾಷೆಯಿಂದಲೂ ಮಕ್ಕಳ ಕೈಯಲ್ಲೇ ಕೂಡಿಸಬೇಕು. ಐಪಿ, ರೈಸ್ ಪುಲ್ಲಿಂಗ್, ಹ್ಯಾಂಡ್ ಇಂಥ ಊರಿನ ಇಂಗ್ಲಿಷಿಗೆ ನಿಘಂಟಿನಲ್ಲಿ ಜಾಗ ಸಿಗುವುದು ಅಪರೂಪ, ಅವನ್ನು ಮೊದಲು ಬರೆದುಕೊಳ್ಳಬೇಕು. ಹುಣಸೆ ಮಂಡಿಯಲ್ಲಿ, ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ, ಕಡ್ಲೆಕಾಯಿ ಮಿಲ್ಲಿನಲ್ಲಿ ದಲ್ಲಾಳಿಗಳೂ ಹಮಾಲರೂ ಆಡುವ ಮಾತುಗಳು ಅಜ್ಜಂದಿರ ಜೊತೆಗೇ ಹೋಗುತ್ತಿವೆ, ಅವರನ್ನು ಈಗಲೇ ಕೇಳಬೇಕು. ಪ್ರತಿ ಮಾತಿನ ಎದುರು ಅರ್ಥದ ಜೊತೆಗೆ, ಅದನ್ನು ಯಾರು ಯಾರಿಗೆ ಹೇಳುತ್ತಾರೆ, ವಾಕ್ಯದಲ್ಲಿ ಮೋಸಗಾರ ಕಾಣುತ್ತಾನೋ ಇಲ್ಲವೋ ಎಂಬ ಇನ್ನೊಂದು ಕಾಲಮು ಇರಲಿ. ಅವನು ಕಾಣದ ಕಡೆ ಅವನನ್ನು ಕರ್ತೃವಾಗಿಟ್ಟು ಅದೇ ವಾಕ್ಯವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಇಂಗ್ಲಿಷಿನಲ್ಲೂ ತಿರುಗಿ ಬರೆಯುವುದು ಹತ್ತನೇ ತರಗತಿಯ ಮಕ್ಕಳಿಗೆ ಒಳ್ಳೆಯ ಅಭ್ಯಾಸವಾದೀತು.